ಪೈಲಟ್ ಲೈಸೆನ್ಸ್ ಗಡಿ ದಾಟುವಾಗ

ಯುರೋಪಿನ ಲೈಸೆನ್ಸ್ ಪಡೆದು ದುಬೈ, ಅಬುಧಾಬಿಗೆ ಬಂದ ಪೈಲಟ್‌ಗಳು ಅನೇಕರು. ಇವರಲ್ಲಿ ಯಾರಾದರೂ ಮುಂದೆ ಅಮೆರಿಕದ ಏರ್‌ಲೈನ್ ಸೇರಬೇಕೆಂದರೆ, ಬೋಯಿಂಗ್ 737 ಹಾರಿಸುವ ಅರ್ಹತೆ ತಾನಾಗಿ ಅಲ್ಲಿಗೆ ವರ್ಗವಾಗುವುದಿಲ್ಲ. ಸ್ವಂತ ಹಾರಾಟಕ್ಕಾದರೆ ಹಳೆಯ ಲೈಸೆನ್ಸ್ ಆಧಾರದಲ್ಲೇ ಅಮೆರಿಕದ ಎಫ್‌ಎಎ ಖಾಸಗಿ ಲೈಸೆನ್ಸ್ ಕೊಡುತ್ತದೆ. ಏರ್‌ಲೈನ್ ಕೆಲಸಕ್ಕೆ ಮಾತ್ರ ಲಿಖಿತ ಪರೀಕ್ಷೆಯನ್ನೂ ಹಾರಾಟದ ಪರೀಕ್ಷೆಯನ್ನೂ ಮತ್ತೆ ಬರೆದು, ಮಾಡಿ ತೋರಿಸಬೇಕು.

ಇದು ನಮಗೆ ದೂರದ ಮಾತಲ್ಲ. 2010ರ ಮೇ 22ರಂದು ದುಬೈನಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737 ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಮಂದಿಯಲ್ಲಿ ಉಳಿದವರು ಎಂಟೇ ಜನ. ಕ್ಯಾಪ್ಟನ್ ಸರ್ಬಿಯಾ ಮೂಲದವರು. ವಿದೇಶಿ ಪೈಲಟ್‌ಗಳಿಗೆ ಭಾರತದ ಡಿಜಿಸಿಎ ಕೊಡುವ ತಾತ್ಕಾಲಿಕ ಅನುಮತಿ ಅವರಿಗಿತ್ತು, 10,000 ಗಂಟೆಗೂ ಮೀರಿದ ಅನುಭವವೂ ಇತ್ತು. ಆದರೆ ಅವರು ಹಾರಾಟದ ನಡುವೆ ದೀರ್ಘಕಾಲ ನಿದ್ದೆ ಮಾಡಿದ್ದರು, ಕೋ-ಪೈಲಟ್ ಮೂರು ಸಲ ಮತ್ತೆ ಮೇಲೇರಿ ಎಂದರೂ ಇಳಿಸುವುದನ್ನು ಬಿಡಲಿಲ್ಲ ಎಂದು ತನಿಖಾ ವರದಿ ಹೇಳಿತು.

ಆಗ ಎಲ್ಲೆಡೆ ಕೇಳಿಬಂದದ್ದು "ವಿದೇಶಿ ಪೈಲಟ್" ಎಂಬ ದೂರು. ನಮಗದು ಅರ್ಧ ಸತ್ಯ ಎನಿಸುತ್ತದೆ. ರಾತ್ರಿ ಪಾಳಿಗೆ ಮುನ್ನ ಎಷ್ಟು ವಿಶ್ರಾಂತಿ ಸಿಕ್ಕಿತ್ತು, ಕಿರಿಯ ಪೈಲಟ್ ವಿಮಾನದ ಹಿಡಿತ ಕೈಗೆತ್ತಿಕೊಳ್ಳುವಷ್ಟು ಧೈರ್ಯ ಏರ್‌ಲೈನ್ ತುಂಬಿತ್ತೇ ಎಂಬುದನ್ನು ಯಾವ ದೇಶದ ಲೈಸೆನ್ಸೂ ಹೇಳುವುದಿಲ್ಲ. ಊರಿಗೆ ಟಿಕೆಟ್ ಕಾದಿರಿಸುವ ನಾವು ಏರ್‌ಲೈನ್‌ಗಳನ್ನು ಕೇಳಬೇಕಾದದ್ದು ಅದನ್ನೇ.