ಬೀಳುವ ಹಲ್ಲೆಂಬ ಉಪೇಕ್ಷೆ, ಬಾಳುವ ಹಲ್ಲಿಗೆ ಆಪತ್ತು

‘ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತದೆ.’ ಮಗುವಿನ ಹಲ್ಲಿನಲ್ಲಿ ಕಪ್ಪು ಚುಕ್ಕೆ ಕಂಡಾಗ ಬಹುತೇಕ ಮನೆಗಳಲ್ಲಿ ಕೇಳಿಬರುವ ಮಾತಿದು. ಈ ಉಪೇಕ್ಷೆಗೆ ಮಕ್ಕಳು ತೆರುತ್ತಿರುವ ಬೆಲೆ ಸಣ್ಣದೇನಲ್ಲ.

ಭಾರತೀಯ ದಂತ ವೈದ್ಯಕೀಯ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 5 ವರ್ಷದ ಮಕ್ಕಳ ಪೈಕಿ ಅರ್ಧಕ್ಕೂ ಹೆಚ್ಚು ಮಂದಿಗೆ ದಂತಕ್ಷಯ ಇರುವುದು ಕಂಡುಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ, ಜಗತ್ತಿನಲ್ಲಿ ಹಾಲುಹಲ್ಲಿನ ಹುಳುಕಿನಿಂದ ಬಳಲುತ್ತಿರುವ ಮಕ್ಕಳ ಸಂಖ್ಯೆ 51 ಕೋಟಿಗೂ ಅಧಿಕ.

ಹಾಲುಹಲ್ಲುಗಳು ಒಟ್ಟು 20. ಮುಂದಿನ ಹಲ್ಲುಗಳು 6-7ನೇ ವಯಸ್ಸಿಗೆ ಬಿದ್ದರೂ ದವಡೆ ಹಲ್ಲುಗಳು 10-12ನೇ ವಯಸ್ಸಿನವರೆಗೆ ಉಳಿಯಬೇಕು. ಅವು ಬೇಗ ಹೋದರೆ ಅಕ್ಕಪಕ್ಕದ ಹಲ್ಲುಗಳು ವಾಲಿ, ಶಾಶ್ವತ ಹಲ್ಲಿನ ಜಾಗ ಕಿರಿದಾಗುತ್ತದೆ. ಹಲ್ಲುನೋವಿನಿಂದ ಮಗು ಊಟ, ನಿದ್ದೆಗಳನ್ನು ಕಳೆದುಕೊಳ್ಳುತ್ತದೆ. ಸುಮಾರು 6ನೇ ವಯಸ್ಸಿನಲ್ಲಿ ಹಾಲುಹಲ್ಲುಗಳ ಹಿಂದೆ ಮೂಡುವ ದವಡೆ ಹಲ್ಲು ಶಾಶ್ವತವಾದದ್ದು. ಅದನ್ನೂ ಹಾಲುಹಲ್ಲೆಂದು ಭಾವಿಸಿ ಕಡೆಗಣಿಸುವ ಪೋಷಕರು ಅನೇಕರು.

ಸರ್ಕಾರದ ಗಮನವೂ ಸಮನಾಗಿ ಹಂಚಿಹೋಗಿಲ್ಲ. ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ನೀಡುವ ‘ದಂತ ಭಾಗ್ಯ’ ಯೋಜನೆಯನ್ನು ರಾಜ್ಯ ಜಾರಿಗೆ ತಂದದ್ದು ಸ್ವಾಗತಾರ್ಹವೇ. ಆದರೆ ಅದು ಹಲ್ಲು ಹೋದ ಮೇಲಿನ ಪರಿಹಾರ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ದಂತಕ್ಷಯವೂ ಸೇರಿದೆಯಾದರೂ, ಅದರ ಸಂಚಾರಿ ತಂಡಗಳು ಭೇಟಿ ನೀಡುವುದು ಅಂಗನವಾಡಿ ಹಾಗೂ ಸರ್ಕಾರಿ, ಅನುದಾನಿತ ಶಾಲೆಗಳಿಗೆ. ನಗರಗಳ ಖಾಸಗಿ ನರ್ಸರಿಗಳ ಪುಟಾಣಿಗಳು ಈ ವ್ಯಾಪ್ತಿಯ ಹೊರಗೇ ಉಳಿಯುತ್ತಾರೆ.

ಈ ಕೊರತೆ ತುಂಬಲು ಹೊಸ ಕಟ್ಟಡ ಬೇಕಿಲ್ಲ. ಲಸಿಕೆಗಾಗಿ ಮಗು 9ನೇ ತಿಂಗಳಲ್ಲಿ ಹಾಗೂ ಒಂದೂವರೆ ವರ್ಷದ ಆಸುಪಾಸಿನಲ್ಲಿ ಆಸ್ಪತ್ರೆಗೆ ಬಂದೇ ಬರುತ್ತದೆ. ಆಗ ಬಾಯಿ ತೆರೆಸಿ ನೋಡಿ, ತಾಯಿಗೆ ಎರಡು ಮಾತು ಹೇಳುವುದನ್ನು ಕಡ್ಡಾಯಗೊಳಿಸಬಹುದು. 40ಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿರುವ ರಾಜ್ಯಕ್ಕೆ ಇದು ಅಸಾಧ್ಯವೇನಲ್ಲ.

ಮನೆಯ ಹೊಣೆ ಇನ್ನೂ ಸರಳ. ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸುವ ರೂಢಿ ನಿಲ್ಲಬೇಕು. ಮೊದಲ ಹಲ್ಲು ಮೂಡಿದಂದಿನಿಂದಲೇ ದಿನಕ್ಕೆರಡು ಬಾರಿ ಹಲ್ಲುಜ್ಜಬೇಕು. ಫ್ಲೋರೈಡ್ ಪೇಸ್ಟ್ 3 ವರ್ಷದವರೆಗೆ ಅಕ್ಕಿಕಾಳಿನಷ್ಟು, ಬಳಿಕ ಬಟಾಣಿಯಷ್ಟು ಸಾಕು. ವರ್ಷ ತುಂಬುವುದರೊಳಗೆ ದಂತವೈದ್ಯರಿಗೊಮ್ಮೆ ತೋರಿಸಬೇಕು. ನೋವು ಬಂದ ಮೇಲೆ ಹೋದರೆ ಮಗುವಿಗೆ ವೈದ್ಯರ ಕುರ್ಚಿಯೆಂದರೆ ಭಯ, ಹೆತ್ತವರಿಗೆ ಖರ್ಚು.

ಹಾಲುಹಲ್ಲು ಬೀಳುವುದು ನಿಜ. ಆದರೆ ಅದು ತನ್ನ ಕಾಲಕ್ಕೆ ಬೀಳಬೇಕೇ ಹೊರತು ಹುಳುಕಿನಿಂದಲ್ಲ.