ಬ್ಯಾಂಕಿನ ಕನ್ನಡ ತರಗತಿಗೆ ಪದಮೇಘ ಸಾಕೇ?

ದೇಶದ ಎಲ್ಲ ಬ್ಯಾಂಕ್ ಸಿಬ್ಬಂದಿಗೆ ಸ್ಥಳೀಯ ಭಾಷೆ, ಸಂಸ್ಕೃತಿಗಳ ಅರಿವು ಮೂಡಿಸುವ ತರಬೇತಿ ಕಡ್ಡಾಯವಾಗಬೇಕೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು 2025ರ ಮೇ ತಿಂಗಳಲ್ಲಿ ಕೇಂದ್ರ ಹಣಕಾಸು ಸಚಿವಾಲಯವನ್ನು ಕೋರಿದ್ದರು. ಹಲವು ಬ್ಯಾಂಕುಗಳ ಪ್ರಧಾನ ಕಚೇರಿಗಳು ಮುಂಬಯಿಯಲ್ಲೇ ಇರುವುದರಿಂದ ಈ ವಿಷಯ ನಮಗೂ ಹತ್ತಿರದ್ದು.

ಇಂತಹ ತರಗತಿಗಳಿಗೆ 'ಪದಮೇಘ' ಸುಲಭ ಸಾಧನ. ಹೆಚ್ಚು ಬಳಕೆಯಾಗುವ ಪದ ಅದರಲ್ಲಿ ದೊಡ್ಡಕ್ಷರದಲ್ಲಿ ಕಾಣುತ್ತದೆ. ಆದರೆ ಖಾತೆ, ಖಾತೆಗೆ, ಖಾತೆಯಿಂದ ಎಂಬವನ್ನು ಗಣಕವು ಮೂರು ಬೇರೆ ಪದಗಳೆಂದು ಎಣಿಸುವುದರಿಂದ ಮುಖ್ಯ ಪದವೇ ಕುಗ್ಗುತ್ತದೆ. ಶಿಕ್ಷಕರು ಪ್ರತ್ಯಯ ಬಿಡಿಸಿ ಎಣಿಸಬೇಕು, ಬಳಿಕ ವಾಕ್ಯದಲ್ಲಿಟ್ಟು ಕಲಿಸಬೇಕು. 'ಖಾತೆಗೆ' ಹಣ ಬರುತ್ತದೆ, 'ಖಾತೆಯಿಂದ' ಹೋಗುತ್ತದೆ. ಈ ಭೇದ ತಿಳಿಯದಿದ್ದರೆ ತೊಂದರೆ ಗ್ರಾಹಕನಿಗೆ.

ನಮ್ಮ ಹಿರಿಯರು ಹೋಟೆಲುಗಳಲ್ಲಿ ದುಡಿಯುತ್ತ ಗಿರಾಕಿಗಳ ಬಾಯಿಂದಲೇ ಮರಾಠಿ ಕಲಿತರು. ಮುಂಬಯಿಯಲ್ಲಿ ಮರಾಠಿ, ಬೆಂಗಳೂರಿನಲ್ಲಿ ಕನ್ನಡ. ಎರಡಕ್ಕೂ ನ್ಯಾಯ ಒಂದೇ.