ಕಿವುಡ ಮಕ್ಕಳ ಶಾಲೆಗೆ ಕಿವುಡ ಶಿಕ್ಷಕರು ಬೇಕು



ಕಿವುಡ ಮಕ್ಕಳ ಶಿಕ್ಷಣ ಹೇಗಿರಬೇಕು ಎಂದು ಯೋಚಿಸುವವರು ಟೋಕಿಯೊ ನಗರದ ಶಿನಾಗವಾದಲ್ಲಿರುವ ಮೇಯ್‌ಸೇಯ್ ಗಕುಯೆನ್ ಶಾಲೆಯ ಕಡೆಗೊಮ್ಮೆ ನೋಡಬೇಕು. ಅಲ್ಲಿ ಪಾಠವೆಲ್ಲ ಜಪಾನೀ ಸಂಜ್ಞಾ ಭಾಷೆಯಲ್ಲೇ ನಡೆಯುತ್ತದೆ. ಜಪಾನೀ ಭಾಷೆಯನ್ನು ಮಕ್ಕಳು ಓದು, ಬರಹದ ಮೂಲಕ ಎರಡನೆಯ ಭಾಷೆಯಾಗಿ ಕಲಿಯುತ್ತಾರೆ. ವೇಳಾಪಟ್ಟಿಯಲ್ಲಿ ಸಂಗೀತದ ಪಿರಿಯಡ್ ಇಲ್ಲ; ಸಂಜ್ಞಾ ಭಾಷೆಯೇ ಒಂದು ವಿಷಯ. ಶಿಕ್ಷಕರಲ್ಲಿ ಕಿವುಡರೂ ಇದ್ದಾರೆ.

ಇದು ಸರ್ಕಾರ ತಾನಾಗಿ ಕೊಟ್ಟಿದ್ದಲ್ಲ. 1933ರಲ್ಲಿ ಅಲ್ಲಿನ ಶಿಕ್ಷಣ ಸಚಿವ ಹಾತೊಯಾಮಾ ಇಚಿರೊ ಕಿವುಡ ಶಾಲೆಗಳಲ್ಲಿ ತುಟಿ ಓದಿ ಮಾತಾಡುವ ಪದ್ಧತಿಗೇ ಒತ್ತು ಕೊಟ್ಟರು. ಒಸಾಕಾದ ಶಾಲೆಯ ಮುಖ್ಯಸ್ಥ ತಾಕಾಹಾಶಿ ಕಿಯೊಶಿ ಹೆಚ್ಚುಕಡಿಮೆ ಒಬ್ಬಂಟಿಯಾಗಿ ಸಂಜ್ಞಾ ಭಾಷೆಯ ಪರ ನಿಂತರು. ಎಂಥ ಎದೆಗಾರಿಕೆ! ಆದರೂ ದಶಕಗಟ್ಟಲೆ ತರಗತಿಗಳಲ್ಲಿ ಕೈಮಾತು ಬದಿಗೆ ಸರಿಯಿತು. ಕೊನೆಗೆ ಕಿವುಡ ವಯಸ್ಕರು ಮತ್ತು ಪೋಷಕರು 1999ರಲ್ಲಿ ತಾವೇ ಪುಟ್ಟದೊಂದು ಮುಕ್ತ ಶಾಲೆ ತೆರೆದರು. 2003ರಲ್ಲಿ ಮಕ್ಕಳು, ಪೋಷಕರು ಸೇರಿ 107 ಜನ ವಕೀಲರ ಒಕ್ಕೂಟಕ್ಕೆ ಮಾನವ ಹಕ್ಕು ದೂರು ಸಲ್ಲಿಸಿದರು. 2008ರಲ್ಲಿ ಮೇಯ್‌ಸೇಯ್ ಆರಂಭವಾಯಿತು.

ಶ್ರವಣ ಸಾಧನ, ಕಾಕ್ಲಿಯರ್ ಇಂಪ್ಲಾಂಟ್ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಮಗು ಮಾತು ಕಲಿಯುವವರೆಗೂ ಗಣಿತ, ವಿಜ್ಞಾನ ಕಾಯುತ್ತ ಕೂರಬೇಕೇ? ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಭಾರತೀಯ ಸಂಜ್ಞಾ ಭಾಷೆಯನ್ನು ಪ್ರಸ್ತಾಪಿಸಿದೆ. ಕರ್ನಾಟಕದ ಪ್ರತಿ ಕಿವುಡ ಮಕ್ಕಳ ಶಾಲೆಯಲ್ಲೂ ಅರ್ಹ ಕಿವುಡ ಶಿಕ್ಷಕರನ್ನು ನೇಮಿಸಲಿ. ಪೋಷಕರಿಗೆ ಸಂಜೆ ಹೊತ್ತು ಸಂಜ್ಞಾ ಭಾಷೆಯ ಉಚಿತ ತರಗತಿ ನಡೆಸಲಿ. ಈ ಎರಡು ಕೆಲಸವನ್ನು ಸರ್ಕಾರ ಬರುವ ಶೈಕ್ಷಣಿಕ ವರ್ಷದಲ್ಲೇ ಶುರುಮಾಡಬೇಕೆಂದು ಒತ್ತಾಯಿಸುತ್ತೇನೆ.

– ಓದುಗರೊಬ್ಬರು, ಮೈಸೂರು